ಆನೆಯ ಬೆಲೆ, ಮೇವಿನ ಬೆಲೆ

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ನಮ್ಮ ಹಿರಿಯರು ರ‍್ಯಾಲಿ ಕಾರು ಇಟ್ಟು ನೋಡು ಎನ್ನಲಿಲ್ಲ. ಪಾಪ, ಅವರ ಕಾಲಕ್ಕೆ ಆ ವ್ಯಸನ ಹುಟ್ಟಿರಲಿಲ್ಲ. ನಮ್ಮ ಮನೆಗೆ ಅದು ಬಂದದ್ದು ನನ್ನ ತಮ್ಮನಿಂದ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಅವನು ಆರು ವರ್ಷ ಪಂದ್ಯದ ಕಾರು ಓಡಿಸಿದ. ತಂಡವೆಂದರೆ ಅವನು, ಪಕ್ಕದಲ್ಲಿ ಕುಳಿತು ದಾರಿಯ ತಿರುವುಗಳನ್ನು ಓದಿ ಹೇಳುವ ಅವನ ಗೆಳೆಯ, ಇಬ್ಬರು ಮೆಕ್ಯಾನಿಕ್‌ಗಳು, ಮತ್ತು ಲೆಕ್ಕ ಬರೆಯುವ ನಾನು. ಸ್ಟೀರಿಂಗ್ ಹಿಡಿಯುವ ಯೋಗ ನನ್ನ ಜಾತಕದಲ್ಲಿರಲಿಲ್ಲ. ಪೆನ್ಸಿಲು ಹಿಡಿಯುವ ಯೋಗವಿತ್ತು.

2027ರ ವಿಶ್ವ ರ‍್ಯಾಲಿಗೆಂದು ಎಫ್.ಐ.ಎ. ಸಂಸ್ಥೆ ಹೊಸದೊಂದು ಕಾರಿನ ವರ್ಗವನ್ನು ಗೊತ್ತುಮಾಡಿ, ಅದರ ಬೆಲೆ 3,45,000 ಯೂರೋ ಮೀರಕೂಡದೆಂದು ಮಿತಿ ಹಾಕಿದ ಸುದ್ದಿಯನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ಎಲ್ಲರೂ ನಕ್ಕರು. ನಮ್ಮ ಹಣದಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ! ಇದೂ ಒಂದು ಅಗ್ಗವೇ? ಅಗ್ಗವೇ ಸರಿ. 2022ರಲ್ಲಿ ಬಂದ ರ‍್ಯಾಲಿ1 ಕಾರಿನ ಬೆಲೆ ಇದರ ಎರಡರಷ್ಟಕ್ಕೂ ಮಿಗಿಲು. ಹೊಸ ವರ್ಗದಲ್ಲಿ ದೊಡ್ಡ ಕಾರ್ಖಾನೆಗಳಲ್ಲದೆ ಕಾರು ಸಜ್ಜುಗೊಳಿಸುವ ಸಣ್ಣ ಸಂಸ್ಥೆಗಳೂ ಕಾರು ಕಟ್ಟಬಹುದಂತೆ. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕ ಬರೆದವನ ಸಂಶಯವೇ ಬೇರೆ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾರು ಕೊಂಡದ್ದು ಒಂದೇ ಸಾಲು. ಉಳಿದ ಪುಟಗಳ ತುಂಬ ಟೈರು, ಪ್ರವೇಶ ಶುಲ್ಕ, ಲಾರಿ ಬಾಡಿಗೆ, ಮೆಕ್ಯಾನಿಕ್‌ಗಳ ಊಟ, ಒಡೆದ ಗೇರ್‌ಬಾಕ್ಸು. ಆನೆ ಕೊಂಡವನನ್ನು ಬಡವನನ್ನಾಗಿಸುವುದು ಆನೆಯ ಬೆಲೆಯಲ್ಲ, ಅದರ ಮೇವು. ಬಿಡಿಭಾಗಗಳ ಬೆಲೆಗೂ ಟೈರುಗಳ ಎಣಿಕೆಗೂ ಮಿತಿ ಹಾಕುವ ಪದ್ಧತಿ ಉಂಟು, ನಿಜ. ಆದರೂ ಎಷ್ಟು ಕಿಲೋಮೀಟರು ಓಡಿದ ಮೇಲೆ ಎಂಜಿನ್ನನ್ನು ಬಿಚ್ಚಿ ಕಟ್ಟಬೇಕು ಎಂಬ ಪ್ರಶ್ನೆಗೆ ಸಿಗುವ ಉತ್ತರವೇ ಬಡ ತಂಡಕ್ಕೆ ಕಾರಿನ ನಿಜವಾದ ಬೆಲೆ.

ಮೇವಿಗಿಂತ ದೊಡ್ಡ ಖರ್ಚು ಇನ್ನೊಂದಿದೆ. ನಮ್ಮ ನಾಲ್ಕನೆಯ ವರ್ಷದಲ್ಲಿ ತಮ್ಮನ ಕಾರಿನ ವರ್ಗವನ್ನೇ ತೆಗೆದು ಬೇರೊಂದನ್ನು ತಂದರು. ರಾತ್ರಿ ಶೆಡ್ಡಿನಲ್ಲಿ ಗಟ್ಟಿಮುಟ್ಟಾಗಿ ಮಲಗಿದ್ದ ಕಾರು ಬೆಳಗಾಗುವುದರೊಳಗೆ ಮುದಿಯಾಗಿತ್ತು. ಕೇಳಿದ ಬೆಲೆಯ ಅರ್ಧಕ್ಕೂ ಕೊಳ್ಳುವವರಿಲ್ಲ. ತನಗೆ ಸಲ್ಲದ ವರ್ಗದಲ್ಲಿ ಇನ್ನೆರಡು ವರ್ಷ ಅದನ್ನೇ ಓಡಿಸಿ, ಅವನು ಪಂದ್ಯ ಬಿಟ್ಟ. ಕಾರೂ ಕೆಟ್ಟಿರಲಿಲ್ಲ, ಓಡಿಸುವ ಕೈಯೂ ಕೆಟ್ಟಿರಲಿಲ್ಲ.

ವರ್ಗಗಳು ಬದಲಾಗಲೇಬಾರದೆಂದು ನಾನು ಹೇಳುತ್ತಿಲ್ಲ. 1982ರ ಗ್ರೂಪ್ ಬಿ ನಿಯಮದಲ್ಲಿ 200 ಕಾರುಗಳನ್ನು ತಯಾರಿಸಿದರೆ ಸಾಕಿತ್ತು. ಅದರಿಂದ ಮಿಂಚಿನಂಥ ಯಂತ್ರಗಳು ಹುಟ್ಟಿದವು. 1986ರಲ್ಲಿ ಕಾರ್ಸಿಕಾ ದ್ವೀಪದ ಪಂದ್ಯದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಪ್ರಾಣ ಕಳೆದುಕೊಂಡ ಮೇಲೆ ಆ ವರ್ಗಕ್ಕೆ ಮಂಗಳ ಹಾಡಿದ್ದು ನ್ಯಾಯವೇ. ಆದರೆ 2022ರಲ್ಲಿ ಸಂಭ್ರಮದಿಂದ ತಂದ ಹೈಬ್ರಿಡ್ ಘಟಕವನ್ನು 2025ರ ಹೊತ್ತಿಗೆ ಕಿತ್ತುಹಾಕಿದರು. ದೊಡ್ಡ ಕಾರ್ಖಾನೆಗಳು ಅಂಥ ಪೆಟ್ಟನ್ನು ತಡೆದಾವು. ಸ್ವಂತ ದುಡ್ಡಿನ ತಂಡ ತಡೆದೀತೇ?

2013ರಲ್ಲಿ ಓಡತೊಡಗಿದ ಆರ್5 ಕಾರನ್ನು ನೋಡಿ. ರ‍್ಯಾಲಿ2 ಎಂದು ಹೆಸರು ಬದಲಾದರೂ ಅದು ಬಾಳಿತು. 1.6 ಲೀಟರ್ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಬಲ. ಅತಿ ವೇಗದ ಕಾರೇನೂ ಅಲ್ಲ. ಆದರೂ ನೂರಾರು ಕಾರುಗಳು ಖಾಸಗಿಯವರ ಕೈ ಸೇರಿದವು. ಏಕೆಂದರೆ ಸ್ವದೇಶದ ಪಂದ್ಯಕ್ಕೂ ವಿಶ್ವದ ಪಂದ್ಯಕ್ಕೂ ಒಂದೇ ಕಾರು ಸಲ್ಲುತ್ತದೆ. ಸಾಕಾದಾಗ ಇನ್ನೊಂದು ದೇಶದವನು ಅದನ್ನು ಕೊಳ್ಳುತ್ತಾನೆ. ಕೊಂಡ ಹಣದಲ್ಲಿ ಒಂದು ಪಾಲು ಹಿಂದಿರುಗುತ್ತದೆಂಬ ಧೈರ್ಯವೇ ಬಡ ತಂಡದ ಬಂಡವಾಳ.

ರ‍್ಯಾಲಿ5ರಿಂದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ವರ್ಗಗಳನ್ನು ಜೋಡಿಸಿರುವುದು ಕೈಚಳಕವಿದ್ದವನು ಹತ್ತಿ ಬರಲೆಂದು. ಹೊಸ ಮೆಟ್ಟಿಲಿನ ಬೆಲೆಯನ್ನು ಇಳಿಸಿದ್ದು ಸಂತೋಷ. ಇನ್ನು ಅದನ್ನು ಹತ್ತು ವರ್ಷವಾದರೂ ಅಲುಗಾಡಿಸದೆ ಇಟ್ಟಾರೆ? ಇಟ್ಟರೆ, ಯಾವುದೋ ಊರಿನಲ್ಲಿ ಪೆನ್ಸಿಲು ಹಿಡಿದು ಕುಳಿತ ಇನ್ನೊಬ್ಬ ಅಣ್ಣ ತನ್ನ ತಮ್ಮನಿಗೆ ಧೈರ್ಯವಾಗಿ "ಹೂಂ" ಎಂದಾನು.