ಬಲಗಾಲಿಯ ಗುನುಗು

ಸವೆದ ಬೇರಿಂಗು ಒಮ್ಮೆಲೇ ಕೂಗಿಕೊಳ್ಳುವುದಿಲ್ಲ. ವೇಗ ಗಂಟೆಗೆ 40 ಕಿ.ಮೀ. ದಾಟಿದ ಮೇಲೆ, ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ನಡೆದಂತೆ ಒಂದು ಗುನುಗು ಏಳುತ್ತದೆ. ವೇಗದೊಡನೆ ಅದರ ಶ್ರುತಿಯೂ ಏರುತ್ತದೆ. ನಮಗೆ ಅದು ಸ್ಪಷ್ಟವಾಗಿ ಕೇಳಿಸಿದ್ದು 2020ರಲ್ಲಿ ತೆರೆದ ದುರ್ಗಂ ಚೆರುವಿನ ಕೇಬಲ್ ಸೇತುವೆಯ ನುಣುಪಾದ ಹಾದಿಯ ಮೇಲೆ. ಮಾದಾಪುರದ ಉಳಿದ ಬೀದಿಗಳಲ್ಲಿ ಹಾರನ್ನುಗಳ ನಡುವೆ ನಮ್ಮ ಕಾರಿನ ದನಿ ನಮಗೇ ಕೇಳಿಸದು.

ಟೈರು ಸವೆದಿರಬೇಕೆಂದು ಮನೆಯಲ್ಲಿ ಮಾತಾಯಿತು. ಅಯ್ಯಪ್ಪ ಸೊಸೈಟಿಯ ಹಿಂದಿನ ಗಲ್ಲಿಯ ಮೆಕ್ಯಾನಿಕ್ ನಾರಾಯಣಖೇಡದ ಕಡೆಯವನು. ನಮ್ಮೊಡನೆ ಗಡಿಯ ಕನ್ನಡವನ್ನೇ ಆಡುತ್ತಾನೆ. ಕಾರನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಕಿವಿಗೊಟ್ಟ. ಎಡಕ್ಕೆ ತಿರುಗುವಾಗ ಭಾರ ಬಲಗಾಲಿಯ ಮೇಲೆ ಬೀಳುತ್ತದೆ, ಸದ್ದು ಹೆಚ್ಚಿದ್ದು ಆಗಲೇ. ಜಾಕ್ ಏರಿಸಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಅದು ಸಡಿಲವಾಗಿ ಆಡಿತು. "ಟೈರ್ ಅಲ್ಲ ಸಾಹೇಬ್ರ, ಬೇರಿಂಗ್ ಹೋಗ್ಯಾದ" ಎಂದ.

ಕಾರಿಗೆ ಹದಿನೇಳು ವರ್ಷ. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ಇನ್ನು ನಡೆಯದೆಂಬ ನಿಯಮ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ನಮ್ಮ ಕಚೇರಿಯ ಆವರಣದಿಂದ ಎರಡು ಗಾಡಿಗಳು ಗುಜರಿಗೆ ಹೊರಟವು. ಖಾಸಗಿ ಕಾರಿಗೆ ಇಲ್ಲಿ ಆ ಕಟ್ಟಿಲ್ಲ; ತಪಾಸಣೆಯಲ್ಲಿ ತೇರ್ಗಡೆಯಾದರೆ ಇನ್ನೈದು ವರ್ಷ ಓಡಬಹುದು. ಆದರೂ ಸಹೋದ್ಯೋಗಿಗಳು ಮಾರಿಬಿಡಿರೆಂದೇ ಹೇಳುತ್ತಿದ್ದರು. ಲೆಕ್ಕದಲ್ಲಿ ಅವರ ಮಾತು ಸರಿ. ಹುಮನಾಬಾದಿನಲ್ಲಿರುವ ಅವ್ವ ಆ ಲೆಕ್ಕದಲ್ಲಿ ಇರಲಿಲ್ಲ. ಮೊಣಕಾಲು ಹಿಡಿದುಕೊಂಡಿರುವ ಅವರು ಹೊಸ ಎತ್ತರದ ಗಾಡಿಗಳನ್ನು ಹತ್ತಲಾರರು. ಈ ತಗ್ಗು ಸೀಟಿನಲ್ಲಿ ಮಾತ್ರ ಯಾರ ಕೈಯನ್ನೂ ಹಿಡಿಯದೆ ಕೂರುತ್ತಾರೆ. ತಿಂಗಳಿಗೊಮ್ಮೆ ಅವರನ್ನು ಹೈದರಾಬಾದಿನ ಆಸ್ಪತ್ರೆಗೆ ಕರೆತರಬೇಕು. ಜಹೀರಾಬಾದಿನ ಮೇಲೆ ಸುಮಾರು 150 ಕಿ.ಮೀ. ಹೆದ್ದಾರಿ, ಸಡಿಲಾದ ಗಾಲಿಯೊಡನೆ ಅವರನ್ನು ಆ ಹಾದಿಯಲ್ಲಿ ಕೂರಿಸುವುದು ನಮ್ಮಿಂದಾಗದ ಮಾತು.

ನಾವು ಓದಿದ್ದು ಇಂಗ್ಲಿಷ್ ಎಂ.ಎ. ಬೇರಿಂಗ್ ಎಂಬ ಪದಕ್ಕೆ ಹೊರುವುದು, ನಡೆನಿಲುವು, ದಿಕ್ಕು ಎಂದೆಲ್ಲ ಅರ್ಥಗಳಿರುವುದು ಗೊತ್ತಿತ್ತು. ವಸ್ತುವನ್ನು ಕೈಯಲ್ಲಿ ಹಿಡಿದದ್ದು ಅಂದೇ. ನಮ್ಮಜ್ಜನ ಬಂಡಿಯಲ್ಲಿ ಅಚ್ಚು, ಗುಂಬ, ಕಡಾಣಿ ಇದ್ದವು; ತಿಕ್ಕಾಟಕ್ಕೆ ಕೀಲೆಣ್ಣೆಯೊಂದೇ ಮದ್ದು. ಬಂಡಿಯ ಅಚ್ಚಿಗೆ ಗುಂಡುಗಳನ್ನಿಡುವ ಉಪಾಯಕ್ಕೆ ಫಿಲಿಪ್ ವಾನ್ ಎಂಬ ವೇಲ್ಸಿನವನು 1794ರಲ್ಲೇ ಪೇಟೆಂಟು ಪಡೆದಿದ್ದ. ಅದು ನಮ್ಮ ಹೊಲದ ಬಂಡಿಗಳವರೆಗೆ ಬರಲು ಎಷ್ಟು ಕಾಲ ಹಿಡಿಯಿತೋ!

ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಗಾಲಿ ನೆಲದ ಮೇಲಿರುವಾಗಲೇ, ಬ್ರೇಕ್ ಒತ್ತಿಸಿ, ನಡುವಿನ ದೊಡ್ಡ ನಟ್ಟನ್ನು ಸಡಿಲಿಸಿದ. ಬ್ರೇಕಿನ ಕ್ಯಾಲಿಪರನ್ನು ಬಿಚ್ಚಿ, ರಬ್ಬರ್ ಕೊಳವೆಯ ಮೇಲೆ ಅದರ ಭಾರ ಬೀಳದಂತೆ ತಂತಿಯಿಂದ ಕಟ್ಟಿಟ್ಟ. ನಕಲ್ ಹೊರಬಂದ ಮೇಲೆ ಪ್ರೆಸ್ಸಿನಲ್ಲಿಟ್ಟು ಹಬ್ಬನ್ನು ಹೊರದೂಡಿದಾಗ ಬೇರಿಂಗಿನ ಒಳಬಳೆಯ ಅರ್ಧ ಹಬ್ಬಿಗೇ ಅಂಟಿಕೊಂಡು ಬಂತು. ಗ್ರೈಂಡರಿನಿಂದ ಅದಕ್ಕೊಂದು ಗೀರು ಹಾಕಿ, ಉಳಿಯಿಂದ ಒಡೆದ. ಹಬ್ಬಿಗೆ ಗೀರು ತಾಗದ ಆ ಅಂದಾಜು ಯಾವ ಪುಸ್ತಕದಲ್ಲಿಯೂ ಸಿಕ್ಕದು. ಹೊಸ ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ಹೊರಬಳೆಯ ಮೇಲಷ್ಟೇ ಒತ್ತಿದ. ಒಳಬಳೆಯ ಮೇಲೆ ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಹಾದಿಯಲ್ಲಿ ಸಣ್ಣ ಗುಳಿ ಬೀಳುತ್ತವೆ, ಹೊಸದೇ ತಿಂಗಳೊಳಗೆ ಗುನುಗತೊಡಗುತ್ತದೆ. ಹಬ್ಬನ್ನು ತೂರಿಸುವಾಗ ಒಳಬಳೆಯ ಅಡಿಗೆ ಹಳೆಯ ಕೊಳವೆಯ ತುಂಡೊಂದನ್ನು ಆಸರೆಯಿಟ್ಟ. ಸುತ್ತಿಗೆಯಿಂದ ಬಡಿದು ಕೂರಿಸುವವರನ್ನು ಬೇರೆಡೆ ನಾವು ಕಂಡಿದ್ದೇವೆ. ಈತ ಪ್ರೆಸ್ಸಿನ ಹಿಡಿಯನ್ನು ಒತ್ತುತ್ತ ಮಾತನ್ನೇ ನಿಲ್ಲಿಸಿದ್ದ.

ಹಳೆಯ ಬೇರಿಂಗನ್ನು ನಮ್ಮ ಅಂಗೈಗಿಟ್ಟ. ಸೀಲು ಹರಿದು ನೀರು ಹೊಕ್ಕು, ಗ್ರೀಸು ಕಂದುಬಣ್ಣದ ಕೆಸರಾಗಿತ್ತು. ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ನೀರು ನಿಲ್ಲುವ ಎತ್ತರವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ಎಡಗಾಲಿಯದನ್ನೂ ಬದಲಿಸಲೇ ಎಂದು ಕೇಳಿದೆವು. ಗಾಲಿಯನ್ನು ಕೈಯಿಂದ ತಿರುಗಿಸಿ, ಸ್ಪ್ರಿಂಗಿನ ಮೇಲೆ ಬೆರಳಿಟ್ಟು ನೋಡಿ, ಬೇಡವೆಂದ. ಆ ಭಾನುವಾರ ಹುಮನಾಬಾದಿನಿಂದ ಬರುವಾಗ ಸದಾಶಿವಪೇಟೆಯವರೆಗೂ ಅವ್ವ ನಿದ್ದೆ ಹೋಗಿದ್ದರು.