ಹೊಳೆದಂಡೆಯಿಂದ ಬನಹಟ್ಟಿಗೆ ಬಂದ ಲೇಥ್

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನಾವು ಜಮಖಂಡಿ ಸೀಮೆಯ ಹೊಳೆದಂಡೆಯ ಹಳ್ಳಿಯಲ್ಲಿದ್ದೆವು. ಮಕ್ಕಳು, ದನಕರು, ಕಾಳುಕಡಿಯನ್ನು ಟ್ರ್ಯಾಕ್ಟರಿನಲ್ಲಿ ದಾಟಿಸಿದೆವು. ಮನೆಯಲ್ಲಿದ್ದ ಲೇಥಿನ, ಅಂದರೆ ಲೋಹ ಕಡೆಯುವ ಯಂತ್ರದ, ಮೋಟರನ್ನಷ್ಟೇ ಬಿಚ್ಚಿಕೊಳ್ಳಲು ಆಯಿತು. ಟನ್ ತೂಕದ ಬೀಡಿನ ಯಂತ್ರ ನೀರಿನಲ್ಲೇ ಉಳಿಯಿತು. ಆಗ ಘಟಪ್ರಭೆಯೂ ಮುಧೋಳಕ್ಕೆ ನುಗ್ಗಿತ್ತು. ನೆರವಿಗೆ ಬರಬೇಕಾದ ಅಲ್ಲಿನ ಬೀಗರೇ ಮನೆ ಬಿಟ್ಟಿದ್ದರು.

ನೀರಿಳಿದ ಮೇಲೆ ನೋಡಿದರೆ ಬೆಡ್ ಮೇಲೆ, ಗೇರ್‌ಗಳ ಸಂದಿಯಲ್ಲಿ ಬರೀ ರಾಡಿ. ಡೀಸೆಲ್‌ನಲ್ಲಿ ತೊಳೆದು, ತುಕ್ಕು ಉಜ್ಜಿ, ಎಣ್ಣೆ ಸವರಿದೆವು. ಪವರ್‌ಲೂಮಿನ ಶಾಫ್ಟ್, ಬುಷ್, ಕಬ್ಬಿನ ಗಾಣದ ಬಿಡಿಭಾಗ, ಪಂಪಿನ ಶಾಫ್ಟ್ ಇದರ ಮೇಲೆ ತಯಾರಾಗಿಯೇ ನಮ್ಮ ಮನೆ ನಡೆದದ್ದು. ಮತ್ತೊಮ್ಮೆ ಅದನ್ನು ಹೊಳೆಗೆ ಒಡ್ಡುವ ಧೈರ್ಯ ಬರಲಿಲ್ಲ. ಬನಹಟ್ಟಿಯಲ್ಲಿ ಸೋದರಮಾವನ ಮನೆಯ ಹಿಂದಿನ ಕೋಣೆಗೆ ಒಯ್ಯುವುದೆಂದು ಗಟ್ಟಿ ಮಾಡಿದೆವು.

ಕೆಲಸ ಹಿಡಿದವರು ಬೀಳಗಿ ಕಡೆಯ ಹಿರಿಯ ಮೇಸ್ತ್ರಿ; ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು. ಆಲಮಟ್ಟಿ ಹಿನ್ನೀರಿಗೆ ಊರುಗಳು ಎದ್ದಾಗ ಹಿಟ್ಟಿನ ಗಿರಣಿಗಳನ್ನು ಸಾಗಿಸಿದ ಕೈ ಅವರದು. ಮೊದಲು ಅವರು ಬನಹಟ್ಟಿಯ ಕೋಣೆಯ ನೆಲ ಎಂಥದೆಂದು ಕೇಳಿದರು. ಎರಿ ಮಣ್ಣು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರ ಮೇಲೆ ಲೇಥ್ ನಿಲ್ಲದು. ಗರಸು ಸಿಗುವವರೆಗೆ ಅಗೆದು, ಸರಳು ಕಟ್ಟಿ ಕಾಂಕ್ರೀಟ್ ಹಾಕಿ, ನೀರುಣಿಸಿ ಕಾಯ್ದೆವು.

ಲೇಥಿನ ಹೆಚ್ಚಿನ ಭಾರ ಚಕ್ ಇರುವ ಕಡೆಗೇ. ಟೇಲ್‌ಸ್ಟಾಕ್, ಕ್ಯಾರೇಜ್‌ಗಳನ್ನು ತೂಕ ಸಮವಾಗಲೆಂದು ಇನ್ನೊಂದು ತುದಿಗೆ ಸರಿಸಿ ಬಿಗಿದರು. ಲೀಡ್ ಸ್ಕ್ರೂಗೆ ತಾಗದಂತೆ ಬೆಡ್‌ನ ಅಡಿಯಿಂದ ಪಟ್ಟಿ ಹಾಯಿಸಿ, ಚೈನ್‌ಪುಲ್ಲಿಯಿಂದ ಎತ್ತಿ ಟ್ರೇಲರಿಗೆ ಇಳಿಸಿದೆವು.

ನಿಜವಾದ ಕಷ್ಟ ಬನಹಟ್ಟಿಯ ಓಣಿಯಲ್ಲಿ. ಟ್ರೇಲರ್ ಒಳಗೆ ಹಿಡಿಯಲಿಲ್ಲ. ಹಲಗೆಯ ಮೇಲೆ ಪೈಪು ಹಾಕಿ, ಹಾರೆಯಿಂದ ಮೀಟುತ್ತ ಉರುಳಿಸಿದೆವು. ಇಳಿಜಾರಿನಲ್ಲಿ ಹಿಂದೆ ಹಿಡಿದಿದ್ದ ಹಗ್ಗ ಹರಿಯಿತು. ಯಂತ್ರ ಜಾರತೊಡಗಿತು, ನನ್ನ ತಮ್ಮ ಓಡಿ ಎರಡೂ ಕೈ ಒಡ್ಡಿದ. ‘ಕೈ ಬಿಡೋ! ಬೀಡು ಮುರದ್ರ ಮುರೀಲಿ, ಮನಷ್ಯಾ ಉಳೀಲಿ’ ಎಂದು ಕಾಕಾ ಕೂಗಿದರು. ತಮ್ಮ ಪಕ್ಕಕ್ಕೆ ಹಾರಿದ. ಲೇಥ್ ಗೋಡೆಗೆ ಬಡಿದು ನಿಂತಿತು. ಒಂದು ಹ್ಯಾಂಡಲ್ ಮುರಿದಿತ್ತು, ಅಷ್ಟೇ. ನನ್ನ ಕಾಲುಗಳು ನಡುಗುತ್ತಿದ್ದವು. ಆಮೇಲೆ ಹಗ್ಗದ ಬದಲು ಸರಪಳಿ ಹಾಕಿ, ಅದರ ತುದಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ, ಗೇಣು ಗೇಣಾಗಿ ಇಳಿಸಿದೆವು.

ಕೂಡಿಸುವುದಕ್ಕೂ ತಾಳ್ಮೆ ಬೇಕಾಯಿತು. ಬೆಡ್ ಕೂದಲೆಳೆಯಷ್ಟು ತಿರುಚಿದರೂ ಶಾಫ್ಟ್ ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳ್ಳಗೆ ಬರುತ್ತದೆ. ಲೆವೆಲ್ ಇಟ್ಟು, ಕಾಲಿನಡಿ ತಗಡು ಸೇರಿಸುತ್ತ, ತೆಗೆಯುತ್ತ ಹೋದೆವು. ಕೊನೆಗೆ ಕಡೆದ ಸರಳಿನ ಎರಡೂ ತುದಿ ಮೈಕ್ರೋಮೀಟರಿನಲ್ಲಿ ಒಂದೇ ಅಳತೆ ತೋರಿಸಿದಾಗ ಕಾಕಾ ಮೊದಲ ಸಲ ಚಹಾ ಕೇಳಿದರು.

ಹೊಳೆಸಾಲಿನಲ್ಲಿ ಲೇಥ್, ಮಗ್ಗ, ಗಿರಣಿ ಇಟ್ಟುಕೊಂಡವರಿಗೆ ನನ್ನ ಕಳಕಳಿಯ ಮಾತಿಷ್ಟು: ಬೇಸಿಗೆಯಲ್ಲೇ ಎತ್ತರದ ಜಾಗ ನೋಡಿ, ನೆಲ ಗಟ್ಟಿ ಮಾಡಿ, ಸಾವಕಾಶ ಸಾಗಿಸಿ. ಜಾರುವ ಭಾರಕ್ಕೆ ಯಾವತ್ತೂ ಕೈ ಒಡ್ಡಬೇಡಿ. ಮುರಿದ ಹ್ಯಾಂಡಲ್ ಬದಲಿಗೆ ಹೊಸದನ್ನು ಅದೇ ಲೇಥಿನಲ್ಲಿ ಕಡೆದುಕೊಂಡೆವು; ತಮ್ಮನ ಕೈ ಹೋಗಿದ್ದರೆ ಎಲ್ಲಿಂದ ತರುತ್ತಿದ್ದೆವು?