ಗುಲಗಂಜಿ ತೂಕದ ನೀರು

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು ೨೩ ಕಿಲೋಮೀಟರು ಸಾಗಿ, ಕಪಿಲೆಯ ಸೇತುವೆಯನ್ನು ದಾಟಿದ ಯಾತ್ರಿಕನನ್ನು ನಂಜನಗೂಡಿನ ಶ್ರೀಕಂಠೇಶ್ವರನ ಗೋಪುರವು ಸ್ವಾಗತಿಸುತ್ತದೆ. ಗೋಪುರದ ಎತ್ತರ ೧೨೦ ಅಡಿ. ನಸುಕಿನಲ್ಲೇ ಸ್ನಾನಘಟ್ಟ ತುಂಬಿರುತ್ತದೆ. ಮುಡಿ ಒಪ್ಪಿಸಿ ಬಂದವರು, ಉರುಳುಸೇವೆಯ ಹರಕೆ ಹೊತ್ತವರು, ಕೂಸನ್ನು ಸೊಂಟದಲ್ಲಿಟ್ಟುಕೊಂಡ ತಾಯಂದಿರು, ಎಲ್ಲರೂ ಕಪಿಲೆಯಲ್ಲಿ ಮುಳುಗಿ ಏಳುತ್ತಾರೆ. ಯಾರು ಎಷ್ಟು ನೀರನ್ನು ಮೈಮೇಲೆ ಸುರಿದುಕೊಂಡರೆಂದು ಹೊಳೆಯು ಲೆಕ್ಕ ಇಡುವುದಿಲ್ಲ. ಹಾಗೆ ಇಡಬೇಕಾದ ಅಗತ್ಯವೂ ಇಲ್ಲ.

ಆದರೆ ಅದೇ ಕಪಿಲೆಯ ನೀರು ಊರೊಳಗಿನ ನಲ್ಲಿಯಲ್ಲಿ ಇಳಿಯುವ ಹೊತ್ತಿಗೆ ಅದರ ಕುಲವೇ ಬದಲಾಗಿರುತ್ತದೆ. ಹೊಳೆಯಂಚಿನ ಬಾವಿಯಿಂದ ಅದನ್ನು ಪಂಪುಗಳು ಮೇಲಕ್ಕೆತ್ತಬೇಕು. ಪಟಿಕ ಬೆರೆಸಿ ಮಡ್ಡಿಯನ್ನು ತಳಕ್ಕಿಳಿಸಬೇಕು. ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಸೇರಿಸಿ, ಎತ್ತರದ ಟ್ಯಾಂಕಿಗೆ ಏರಿಸಬೇಕು. ಒಂದೊಂದು ಬಿಂದಿಗೆಯ ಹಿಂದೆಯೂ ವಿದ್ಯುತ್ತಿನ ಬಿಲ್ಲು ಇದೆ, ಔಷಧದ ವೆಚ್ಚವಿದೆ, ಕೆಲಸಗಾರರ ದುಡಿಮೆಯಿದೆ. ಹೊಳೆಯ ನೀರು ದೇವರು ಕೊಟ್ಟದ್ದು. ನಲ್ಲಿಯ ನೀರು ಊರು ದುಡಿದು ತಂದದ್ದು.

ಇದನ್ನು ಹಂಚುವವನು ನೀರುಗಂಟಿ. ಹಿಂದೆ ಕೆರೆಯ ತೂಬನ್ನು ತೆರೆದು ಗದ್ದೆಯಿಂದ ಗದ್ದೆಗೆ ನೀರು ಹಾಯಿಸುತ್ತಿದ್ದವನ ಹೆಸರೇ ಇಂದು ಬೀದಿಯ ವಾಲ್ವನ್ನು ತಿರುಗಿಸುವವನಿಗೂ ಉಳಿದುಬಂದಿದೆ. ಅವನು ಕೀಲಿಯನ್ನು ತಿರುಗಿಸಿದೊಡನೆ ಬೀದಿಯ ಮೊದಲ ಮನೆಯಲ್ಲಿ ನೀರು ಭೋರೆಂದು ಸುರಿಯುತ್ತದೆ. ಕೊನೆಯ ಮನೆಯಲ್ಲಿ ನೂಲಿನೆಳೆಯಂತೆ ಇಳಿಯುತ್ತದೆ. ಬಿಂದಿಗೆ ತುಂಬುವ ಮೊದಲೇ ಸರದಿ ಮುಗಿದು ಹೋದರೆ ಆ ಮನೆಯ ಗೃಹಿಣಿಯು ನೀರುಗಂಟಿಯನ್ನು ಶಪಿಸುತ್ತಾಳೆ. ಪಾಪ, ಬಹಳಷ್ಟು ಸಲ ತಪ್ಪು ಅವನದಲ್ಲ. ಹೊರಟ ನೀರಿನ ಒಂದು ಪಾಲು ದಾರಿಯಲ್ಲೇ ಮಣ್ಣಿನ ಪಾಲಾಗಿರುತ್ತದೆ.

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯು ಸೋರಿಕೆಗೂ ಸಲ್ಲುತ್ತದೆ. ನೆಲದಡಿಯ ಕೊಳಾಯಿಯ ಒಂದು ಸಂದಿನಲ್ಲಿ ನಿಮಿಷಕ್ಕೆ ಒಂದೇ ಒಂದು ಲೀಟರು ಹೊರಬೀಳುತ್ತಿದೆಯೆಂದು ಭಾವಿಸೋಣ. ದಿನಕ್ಕೆ ೨೪ ಗಂಟೆಯೂ ನೀರಿರುವ ಕೊಳಾಯಿಯಾದರೆ ಅದು ೧,೪೪೦ ಲೀಟರು. ಒಳಚರಂಡಿಯುಳ್ಳ ನಗರಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ ೧೩೫ ಲೀಟರು ಬೇಕೆಂಬುದು ಸರಕಾರದ ಅಳತೆ. ಅಂದರೆ ಹತ್ತು ಜನರ ಪೂರ್ತಿ ಪಾಲು ಆ ಒಂದು ಸಣ್ಣ ಸಂದಿನಲ್ಲಿ ಇಂಗಿಹೋಯಿತು. ಬೀದಿಯಲ್ಲಿ ಚಿಮ್ಮುವ ನೀರನ್ನು ಕಂಡವರು ಓಡಿಹೋಗಿ ದೂರು ಕೊಡುತ್ತಾರೆ, ಅದು ಬೇಗ ದುರಸ್ತಿಯಾಗುತ್ತದೆ. ಸದ್ದಿಲ್ಲದೆ ತಿಂಗಳುಗಟ್ಟಲೆ ಜಿನುಗುವ ಸೋರಿಕೆಯೇ ಒಟ್ಟಿನಲ್ಲಿ ಹೆಚ್ಚು ನುಂಗುವುದು.

ಈ ಗುಪ್ತ ನಷ್ಟವನ್ನು ಹಿಡಿಯುವ ವಿದ್ಯೆಗೆ ನೀರಿನ ಲೆಕ್ಕಪರಿಶೋಧನೆ ಎಂದು ಹೆಸರು. ಅಂಗಡಿಯ ಖಾತೆಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಟ್ಯಾಂಕಿನಿಂದ ಹೊರಟದ್ದೆಷ್ಟು ಎಂದು ಒಂದು ಕಡೆ ಬರೆಯಬೇಕು, ಮನೆಗಳ ಮೀಟರುಗಳಲ್ಲಿ ದಾಖಲಾದದ್ದೆಷ್ಟು ಎಂದು ಇನ್ನೊಂದು ಕಡೆ ಬರೆಯಬೇಕು. ಕಡಿಮೆ ಬಿದ್ದದ್ದರಲ್ಲಿ ಬೆಂಕಿ ಆರಿಸಲು, ಬೀದಿನಲ್ಲಿಗೆ ಎಂದು ಉಚಿತವಾಗಿ ಕೊಟ್ಟದ್ದನ್ನು ಕಳೆಯಬೇಕು. ಉಳಿದ ನಷ್ಟ ಎರಡು ಬಗೆ. ಕೊಳಾಯಿ ಒಡೆದು, ಟ್ಯಾಂಕು ತುಂಬಿ ಚೆಲ್ಲಿ ಹೋದದ್ದು ನಿಜವಾದ ನಷ್ಟ. ಕಳ್ಳ ಸಂಪರ್ಕ, ಸವೆದು ನಿಧಾನವಾದ ಮೀಟರು, ಓದುವವನ ತಪ್ಪು, ಇವುಗಳಿಂದ ಆದದ್ದು ತೋರಿಕೆಯ ನಷ್ಟ; ಇಲ್ಲಿ ನೀರು ಯಾರದೋ ಗಂಟಲನ್ನು ತಲುಪಿದೆ, ಹಣ ಮಾತ್ರ ತಲುಪಿಲ್ಲ. ಕೇಂದ್ರ ಸರಕಾರವು ೨೦೦೮ರಲ್ಲಿ ನಗರಗಳಿಗೆ ಹಾಕಿಕೊಟ್ಟ ಗುರಿಯಂತೆ ಹಣ ಬಾರದ ನೀರು ನೂರಕ್ಕೆ ೨೦ ಪಾಲನ್ನು ಮೀರಬಾರದು. ಮೀಟರೇ ಇಲ್ಲದ ಊರಿಗೆ ತನ್ನ ನಷ್ಟ ೨೦ ಪಾಲೋ ೫೦ ಪಾಲೋ ಎಂಬುದು ತಿಳಿಯುವ ಬಗೆಯೇ ಇಲ್ಲ.

ಅಳತೆಯ ಮಹಿಮೆಯನ್ನು ಅರಿಯಬೇಕಾದರೆ ಯಾತ್ರಿಕನು ನಂಜನಗೂಡಿನಿಂದ ಸುತ್ತೂರಿನ ಮಾರ್ಗವಾಗಿ ಪೂರ್ವಕ್ಕೆ ಹೊರಡಬೇಕು. ಕಪಿಲೆಯೂ ಅತ್ತಲೇ ಹರಿಯುತ್ತಾಳೆ. ಬತ್ತದ ಗದ್ದೆ, ಕಬ್ಬಿನ ತೋಟಗಳನ್ನು ದಾಟಿದರೆ ತಿರುಮಕೂಡಲು ನರಸೀಪುರ. ಇಲ್ಲಿ ಕಪಿಲೆಯು ಕಾವೇರಿಯನ್ನು ಕೂಡುತ್ತಾಳೆ. ಸ್ಫಟಿಕ ಸರೋವರವು ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ. ೧೯೮೯ರಲ್ಲಿ ಆರಂಭವಾದ ಕುಂಭಮೇಳವು ನಡೆಯುವುದು ಈ ಸಂಗಮದಲ್ಲೇ.

ಇಲ್ಲಿನ ದೇವರು ಗುಂಜಾ ನರಸಿಂಹ. ಆತನ ಕೈಯಲ್ಲಿ ಒಂದು ಗುಲಗಂಜಿ. ಅಗಸನೊಬ್ಬನು ಕಾಶಿಗೆ ಹೊರಟಾಗ ಸ್ವಾಮಿಯು ಕನಸಿನಲ್ಲಿ ಬಂದು, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚು ಎಂದು ತಿಳಿಸಿ ಅವನನ್ನು ಇಲ್ಲಿಯೇ ನಿಲ್ಲಿಸಿದನೆಂದು ಐತಿಹ್ಯ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗುತ್ತಿದ್ದ ಅತಿ ಸಣ್ಣ ಬೊಟ್ಟು ಗುಲಗಂಜಿ. ಎರಡು ಮಹಾಕ್ಷೇತ್ರಗಳ ತಾರತಮ್ಯವನ್ನು ಅಷ್ಟು ಸೂಕ್ಷ್ಮವಾಗಿ ತೂಗಿದ ಊರಿದು.

ನೀರನ್ನು ಅಷ್ಟೇ ಸೂಕ್ಷ್ಮವಾಗಿ ತೂಗುವ ಕ್ರಮವೂ ಉಂಟು. ಒಂದು ಬಡಾವಣೆಯನ್ನು ಪ್ರತ್ಯೇಕಿಸಿ, ಅದಕ್ಕೆ ನೀರು ಹೋಗುವ ಒಂದೇ ಬಾಯಲ್ಲಿ ಮೀಟರು ಕೂರಿಸಿ, ರಾತ್ರಿಯೆಲ್ಲ ಕೊಳಾಯಿಗಳನ್ನು ತುಂಬಿಸಿಡುತ್ತಾರೆ. ಎರಡರಿಂದ ನಾಲ್ಕು ಗಂಟೆಯ ನಡುವೆ ಊರು ಮಲಗಿರುವಾಗಲೂ ಮೀಟರಿನ ಮುಳ್ಳು ತಿರುಗುತ್ತಿದ್ದರೆ ಅದು ಬಹುಪಾಲು ಸೋರಿಕೆಯೇ. ಬಳಿಕ ಒಂದೊಂದೇ ಬೀದಿಯ ವಾಲ್ವನ್ನು ಮುಚ್ಚುತ್ತಾರೆ. ಯಾವ ಬೀದಿಯನ್ನು ಮುಚ್ಚಿದಾಗ ಮುಳ್ಳು ಥಟ್ಟನೆ ನಿಧಾನವಾಯಿತೋ ಕಳ್ಳನು ಅಲ್ಲಿದ್ದಾನೆ. ಆಗ ಕೆಲಸಗಾರನು ಕಬ್ಬಿಣದ ಕೋಲಿನ ಒಂದು ತುದಿಯನ್ನು ಕೊಳಾಯಿಗೆ ತಾಗಿಸಿ, ಇನ್ನೊಂದಕ್ಕೆ ಕಿವಿಗೊಟ್ಟು, ವೈದ್ಯನು ಎದೆಬಡಿತವನ್ನು ಆಲಿಸುವಂತೆ ಮಣ್ಣಿನಡಿಯ ಸುಯ್ಯೆಂಬ ಸದ್ದನ್ನು ಆಲಿಸುತ್ತಾನೆ.

ಸೋರುವುದು ನೀರೊಂದೇ ಆಗಿದ್ದರೆ ಇಷ್ಟು ಚಿಂತೆ ಬೇಕಿರಲಿಲ್ಲ. ಸರದಿ ಮುಗಿದು ಕೊಳಾಯಿ ಬರಿದಾದಾಗ ಒಳಗಿನ ಒತ್ತಡ ಇಳಿಯುತ್ತದೆ. ನೀರು ಹೊರಹೋದ ಅದೇ ರಂಧ್ರದಿಂದ ಚರಂಡಿಯ ಕೊಳಚೆಯು ಒಳಸೇರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ೨೦೦೮ರ ಹೊತ್ತಿಗೆ ಕೆಲವು ಬಡಾವಣೆಗಳಿಗೆ ಹೊಸ ಕೊಳಾಯಿ ಹಾಕಿ, ಮನೆಮನೆಗೆ ಮೀಟರಿಟ್ಟು, ದಿನದ ೨೪ ಗಂಟೆಯೂ ನೀರು ಕೊಡಲಾಯಿತು. ವಿಜ್ಞಾನಿಗಳು ಅಲ್ಲಿಯ ನಲ್ಲಿಗಳ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸರದಿಯ ನೀರಿನ ಮಾದರಿಗಳಲ್ಲಿ ನೂರಕ್ಕೆ ಸುಮಾರು ೩೨ರಲ್ಲಿ ಮಲದ ಕಲ್ಮಷವನ್ನು ಸೂಚಿಸುವ ಸೂಕ್ಷ್ಮಾಣು ಕಂಡವು. ಸದಾ ಹರಿಯುವ ನೀರಿನಲ್ಲಿ ನೂರಕ್ಕೆ ಒಂದೂ ಇರಲಿಲ್ಲ. ಸೋರಿಕೆಯ ಲೆಕ್ಕವು ಕಡೆಗೆ ಮಕ್ಕಳ ಆರೋಗ್ಯದ ಲೆಕ್ಕವೂ ಹೌದು.

ಇದು ಬಡ ಊರುಗಳಿಗೆ ಎಟುಕದ ಮಾತೆಂದು ಕೈಚೆಲ್ಲಬೇಕಾಗಿಲ್ಲ. ಯುದ್ಧದಿಂದ ಜರ್ಜರಿತವಾಗಿದ್ದ ಕಾಂಬೋಡಿಯದ ರಾಜಧಾನಿ ನೋಮ್ ಪೆನ್ನಿನಲ್ಲಿ ೧೯೯೩ರಲ್ಲಿ ನೂರಕ್ಕೆ ೭೨ ಪಾಲು ನೀರಿಗೆ ಲೆಕ್ಕವೇ ಇರಲಿಲ್ಲ. ಏಕ್ ಸೊನ್ ಚಾನ್ ಎಂಬ ಅಧಿಕಾರಿಯು ಬಡವರ ಮನೆಗೆ ಇಟ್ಟಂತೆಯೇ ಪ್ರಬಲರ ಮನೆಗೂ ಮೀಟರಿಟ್ಟನು, ಹಳೆಯ ಕೊಳಾಯಿಗಳನ್ನು ಬದಲಿಸಿದನು, ಸೋರಿಕೆ ಹುಡುಕುವ ತಂಡಗಳನ್ನು ಹಗಲಿರುಳು ಸಿದ್ಧವಾಗಿರಿಸಿದನು. ೨೦೦೮ರ ವೇಳೆಗೆ ನಷ್ಟವು ಸುಮಾರು ೬ ಪಾಲಿಗೆ ಇಳಿದಿತ್ತು. ೨೦೦೬ರಲ್ಲಿ ಆತನಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಸಂಜೆ ಸಂಗಮದ ಮೆಟ್ಟಿಲ ಮೇಲೆ ಕುಳಿತವರ ಕಣ್ಣೆದುರಿಗೆ ಎರಡು ಹೊಳೆಗಳು ಒಂದಾಗಿ ತಲಕಾಡಿನ ಕಡೆಗೆ ಸಾಗುತ್ತವೆ. ಮುಂದೆ ಶಿವನಸಮುದ್ರದ ಬಳಿ ಈ ನೀರನ್ನೇ ತಿರುಗಿಸಿಕೊಂಡು, ಸುಮಾರು ೧೦೦ ಕಿಲೋಮೀಟರು ದೂರಕ್ಕೆ, ಸುಮಾರು ೫೦೦ ಮೀಟರು ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ಒಯ್ಯುತ್ತಾರೆ. ಅಲ್ಲಿ ಸೋರುವ ಹನಿಯೂ ಇಲ್ಲಿಂದ ಹೋದದ್ದೇ. ಎದುರಿಗೆ ಇಷ್ಟು ನೀರು ಹರಿಯುತ್ತಿರುವಾಗ ಗುಲಗಂಜಿಯ ಲೆಕ್ಕ ಯಾರಿಗೆ ಬೇಕೆಂದು ಹೊಳೆಯ ಮಗ್ಗುಲಿನ ಊರಿಗೆ ಅನ್ನಿಸುವುದು ಸಹಜ. ಆದರೆ ಬೀದಿಯ ಕೊನೆಯ ಮನೆಯಲ್ಲಿ ಅರೆತುಂಬಿದ ಬಿಂದಿಗೆಯ ಮುಂದೆ ನಿಂತವಳಿಗೆ ಆ ಲೆಕ್ಕ ಬೇಕು. ಅವಳ ಬಿಂದಿಗೆ ತುಂಬಿದ ದಿನ ಊರಿನ ಲೆಕ್ಕ ಸರಿಹೋಯಿತೆಂದು ತಿಳಿಯಬಹುದು.